ಪುಷ್ಯ ಮಳೆಗೆ ಪರೀಕ್ಷೆ, ಚಿತ್ತೆ ಮಳೆಗೆ ಮತ್ತೆ ಅರ್ಜಿ

2024ರ ಜೂನ್ 21, ಶುಕ್ರವಾರ ರಾತ್ರಿ. ಬ್ಯಾಗ್ ತುಂಬಿ ಜಗಲಿಯಲ್ಲಿ ಇಟ್ಟಾಗಿತ್ತು. ಹಾಲ್ ಟಿಕೆಟ್‌ನ ಎರಡು ಪ್ರತಿ, ಆಧಾರ್ ಕಾರ್ಡ್, ಅಮ್ಮ ಒಗ್ಗರಣೆ ಹಾಕಿ ಕಟ್ಟಿಕೊಟ್ಟ ಅವಲಕ್ಕಿ, ಮಳೆಗೆ ನೆನೆಯದ ಹಾಗೆ ಎರಡೆರಡು ಕವರಿನಲ್ಲಿ ಸುತ್ತಿದ ನೋಟ್ಸು. ತಾಳಗುಪ್ಪದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಬೆಂಗಳೂರು. ಸಿಎಸ್‌ಐಆರ್-ಯುಜಿಸಿ ನೆಟ್, ಲೈಫ್ ಸೈನ್ಸಸ್. ನನ್ನ ಮೂರನೇ ಪ್ರಯತ್ನ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಮೂಲೆಯ ತುಳಸಿಕಟ್ಟೆ ಹತ್ತಿರ ಮಾತ್ರ. ಕೊಡೆ ಹಿಡಿದು ಅಲ್ಲಿ ನಿಂತಾಗ ಮೊಬೈಲ್ ಒಂದೇ ಸಮನೆ ಟಿಂಗ್ ಟಿಂಗ್ ಅಂದಿತು. ಗ್ರೂಪಿನಲ್ಲಿ ಎಲ್ಲರದ್ದೂ ಒಂದೇ ಮಾತು: 25ರಿಂದ ನಡೆಯಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗಿದೆ. 18ರಂದು ಬರೆದಿದ್ದ ಯುಜಿಸಿ-ನೆಟ್‌ನವರದ್ದು ಮಾರನೇ ದಿನವೇ ರದ್ದಾಗಿತ್ತು. ಪಾಪ, ಅವರು ಬರೆದು ಬಂದು ಕೂತಿದ್ದರು. ನಮ್ಮದು ಬರೆಯುವ ಮೊದಲೇ ಹೋಯಿತು. ಹೊಸ ದಿನಾಂಕ ಯಾವುದೆಂದು ಯಾರಿಗೂ ಗೊತ್ತಿಲ್ಲ.

ಒಳಗೆ ಬಂದು ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಅಜ್ಜಿ ಮಾತ್ರ ಸೋನೆಯ ಸದ್ದು ಕೇಳುತ್ತಾ, “ಆರಿದ್ರೆ ಹಿಡೀತು ಕೂಸೇ, ಇನ್ನು ಬಿಡೂದಿಲ್ಲ” ಅಂದಳು. ಪರೀಕ್ಷೆಯ ಬಗ್ಗೆ ಒಂದು ಮಾತಿಲ್ಲ! ಆ ಹೊತ್ತಿಗೆ ಸಿಟ್ಟು ನೆತ್ತಿಗೇರಿತು.

ನಾನು ಶಂಕರಘಟ್ಟದಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಮುಗಿಸಿದ್ದು 2022ರಲ್ಲಿ. ಪಿಎಚ್.ಡಿ. ಮಾಡಬೇಕು, ಅದಕ್ಕೆ ಜೆಆರ್‌ಎಫ್ ಬೇಕು, ಅದಕ್ಕೆ ನೆಟ್ ಬೇಕು. ನಮ್ಮದು ಎರಡೆಕರೆ ಅಡಿಕೆ ತೋಟದ ಮನೆ. ತಮ್ಮ ಇನ್ನೂ ಓದುತ್ತಿದ್ದಾನೆ. ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಸಿಗದೆ ಐದು ವರ್ಷ ಹೊರಗಿದ್ದು ಸಂಶೋಧನೆ ಮಾಡುವುದು ನನ್ನಂಥವರ ಕೈಯಲ್ಲಿ ಆಗುವುದಿಲ್ಲ. ಮೊದಲ ಸಲ ಬರೆದದ್ದು 2023ರ ಜೂನ್‌ನಲ್ಲಿ, ಎರಡನೆಯದು ಅದೇ ವರ್ಷದ ಡಿಸೆಂಬರ್ ಕೊನೆಗೆ. ಎರಡರಲ್ಲೂ ಕಟ್ ಆಫ್ ಹತ್ತಿರಕ್ಕೆ ಹೋಗಿ ಮುಗ್ಗರಿಸಿದೆ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುತ್ತಾರೆ. ‘ಸಿ’ ಭಾಗದಲ್ಲಿ 75 ಪ್ರಶ್ನೆ ಕೊಟ್ಟು 25ಕ್ಕೆ ಉತ್ತರಿಸಿ ಅನ್ನುತ್ತಾರೆ. ಬಿಡಬೇಕಾದ ಐವತ್ತನ್ನು ಬಿಡುವುದು ಅಷ್ಟು ಸುಲಭವಲ್ಲ. ನಾನು ಬಿಡಬೇಕಾದದ್ದನ್ನೇ ಹಿಡಿಯುತ್ತಿದ್ದೆ.

ಆ ಎರಡು ಪ್ರಯತ್ನದ ವರ್ಷವನ್ನು ಹೇಗೆ ಕಳೆದೆ ಎಂದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮಹಡಿ ಕೋಣೆಯ ಕಿಟಕಿ ಮುಚ್ಚಿದ್ದೆ. ಮಳೆ ಕಂಡರೆ ಮನಸ್ಸು ಹರಿಯುತ್ತದೆ, ಓದು ಕೆಡುತ್ತದೆ ಎಂಬ ಲೆಕ್ಕ. ಗೋಡೆಗೆ ಟೈಮ್‌ಟೇಬಲ್, ಕಿವಿಗೆ ಯೂಟ್ಯೂಬ್ ಪಾಠ. ಮೇ ಕೊನೆಗೆ ಮಿಂಚುಹುಳ ತೋಟದ ತುಂಬ ಆಡುತ್ತವೆ. ಆ ವರ್ಷ ನಾನು ಒಂದನ್ನೂ ನೋಡಲಿಲ್ಲ. ಹಳೇ ಹಲಸಿನ ಮರದ ಕೊಂಬೆಯಲ್ಲಿ ಸೀತಾಳೆ ದಂಡೆ ಹೂ ಬಿಟ್ಟು ಬಾಡಿತ್ತು. ಅದು ರಿಂಕೋಸ್ಟೈಲಿಸ್ ರೆಟೂಸಾ, ಆರ್ಕಿಡ್ ಕುಟುಂಬ, ಮರದ ಮೇಲೆ ಬದುಕಿದರೂ ಪರಾವಲಂಬಿ ಅಲ್ಲ ಎಂದು ಪುಸ್ತಕದಲ್ಲಿ ಗೆರೆ ಎಳೆಯುತ್ತಾ ಕೂತಿದ್ದೆ. ಹೂವು ಮಾತ್ರ ನನ್ನ ತಲೆಯಿಂದ ಮೂವತ್ತು ಅಡಿ ದೂರದಲ್ಲಿತ್ತು.

ಇದಕ್ಕಿಂತ ಹೆಚ್ಚು ಚುಚ್ಚುವುದು ಹಪ್ಪಳದ ಸಂಗತಿ. ಆ ಬೇಸಿಗೆಯಲ್ಲಿ ಅಜ್ಜಿ ನಾಲ್ಕು ಸಲ ಕೆಳಗಿನಿಂದ ಕೂಗಿದ್ದಳು. “ಕೂಸೇ, ಹಲಸಿನ ಹಪ್ಪಳ ಒತ್ತೂಕೆ ಬಾರೇ, ಹಿಟ್ಟು ಆರ್ತಾ ಇದ್ದು.” ಪರೀಕ್ಷೆ ಮುಗಿಯಲಿ, ಮುಂದಿನ ವರ್ಷ ಬರುತ್ತೇನೆ ಅಂದೆ. ಮುಂದಿನ ವರ್ಷದ ಹೊತ್ತಿಗೆ ಅವಳ ಕೈಗೆ ನಡುಕ ಬಂದಿತ್ತು. ಈಗ ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನಾವು ಒತ್ತುವುದನ್ನು ನೋಡುತ್ತಾಳೆ, ದಪ್ಪ ಆಯಿತು ಎಂದು ಬೈಯುತ್ತಾಳೆ.

ಸರಿ, ಜೂನ್ 21ಕ್ಕೆ ವಾಪಸ್ ಬರುತ್ತೇನೆ. ಮಾರನೇ ಬೆಳಿಗ್ಗೆ ನಾನು ಮುಸುಕು ಹಾಕಿ ಮಲಗಿದ್ದಾಗ ಅಪ್ಪಯ್ಯ ಬಾಗಿಲಲ್ಲಿ ನಿಂತು, “ಹೆಂಗೂ ಪರೀಕ್ಷೆ ಇಲ್ಲ. ಇವತ್ತು ಮಳೆ ಹೊಳವಾಗೋ ಹಂಗಿದೆ. ಕೊನೆಗೌಡ ಬರ್ತಾನೆ, ಔಷಧಿ ಕಲೆಸೂಕೆ ಜನ ಇಲ್ಲ” ಅಂದರು. ಸಮಾಧಾನದ ಮಾತು ಅವರಿಗೆ ಬರುವುದಿಲ್ಲ. ಕೆಲಸ ಹೇಳುವುದು ಬರುತ್ತದೆ.

ಔಷಧಿ ಅಂದರೆ ಬೋರ್ಡೋ ದ್ರಾವಣ. ಅಡಿಕೆ ಸೀಮೆಯವರಿಗೆ ಹೇಳಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯುತ್ತಾ ಕಲೆಸಬೇಕು. ಆಕಾಶದ ಬಣ್ಣ ಡ್ರಮ್ಮಿನಲ್ಲಿ ಇಳಿದು ಕೂತ ಹಾಗೆ ಕಾಣುತ್ತದೆ. ಕೋಲು ತಿರುಗಿಸುತ್ತಾ ನಿಂತಾಗ ನನಗೆ ಓದಿದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಜನ ಕಿತ್ತು ತಿನ್ನದಿರಲಿ ಎಂದು ತೋಟದವರು ತುತ್ತ-ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗ ತಗುಲದ್ದನ್ನು 1880ರ ದಶಕದಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದ. ಕಳ್ಳರಿಗೆ ಮಾಡಿದ ಉಪಾಯ ರೋಗಕ್ಕೆ ಮದ್ದಾಯಿತು. ಅದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಹಚ್ಚಲು ಕಾರಣನಾದವನು ಲೆಸ್ಲಿ ಕೋಲ್ಮನ್, ಮೈಸೂರು ಸರ್ಕಾರದ ಕೆಲಸಕ್ಕೆಂದು 1908ರಲ್ಲಿ ಬಂದ ಕೆನಡಾದವನು. ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ಬಳಗಕ್ಕೆ ಹತ್ತಿರದ್ದು. ಅದರ ಬೀಜಾಣುಗಳಿಗೆ ನೀರಿನಲ್ಲಿ ಈಜಲು ಬಾಲವಿದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ನಾಶ ಮಾಡಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ್ದೂ ಇದರ ಸೋದರ ಪ್ರಭೇದವೇ.

ಇದನ್ನೆಲ್ಲ ನಾನು ಎರಡು ವರ್ಷದಿಂದ ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಓದಿದ್ದೆ. ಅದು ನಮ್ಮ ತೋಟದಲ್ಲಿದೆ ಎಂದು ಹೊಳೆದಿರಲಿಲ್ಲ. ಇನ್ನೊಂದು ವಿಷಯ. ಕಾಫಿ ಗಿಡಕ್ಕೆ ಬರುವ ಕೊಳೆಯ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಕೊಳೆರೋಗ ನಾಕ್ಸಿಯಾ’. ನಮ್ಮ ರೈತರ ಬಾಯಿಮಾತು ಹಾಗೇ ಲ್ಯಾಟಿನ್ ಪಟ್ಟಿಗೆ ಸೇರಿಬಿಟ್ಟಿದೆ. ಇದನ್ನು ಮರದ ಮೇಲಿದ್ದ ಕೊನೆಗೌಡನಿಗೆ ಕೂಗಿ ಹೇಳಿದೆ. “ಹೆಸರು ಇಟ್ಕಂಡು ಎಂತ ಮಾಡ್ತಾರೆ ತಂಗೀ, ಮದ್ದು ಕಂಡುಹಿಡೀಲಿ” ಎಂದು ಮೇಲಿಂದಲೇ ಉತ್ತರ ಬಂತು.

ಅಂದು ಸಂಜೆ ಅಜ್ಜನ ಕಾಲದ ಮಳೆ ಮಾಪಕವನ್ನು ಅಟ್ಟದಿಂದ ಇಳಿಸಿದೆ. ಡೈರಿ ಶುರುವಾಯಿತು. ಬೆಳಿಗ್ಗೆ ಎಂಟೂವರೆಗೆ ಎಷ್ಟು ಮಿಲಿಮೀಟರ್, ಬಿಸಿಲು ಬಂತೋ ಇಲ್ಲವೋ, ಎಷ್ಟು ಕಾಯಿ ಉದುರಿತು, ಕಾಯಿಯ ಮೇಲೆ ನೀರು ಹಿಡಿದ ಹಾಗಿನ ಕಲೆ ಎಲ್ಲಿ ಮೊದಲು ಕಂಡಿತು. ಇಷ್ಟಕ್ಕೆ ಅರ್ಧ ಗಂಟೆ. ಓದಿಗೆ ಮೋಸವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಿಟಕಿಯನ್ನೂ ತೆರೆದೆ.

ಮುಂದೂಡಿದ ಪರೀಕ್ಷೆ ನಡೆದದ್ದು ಜುಲೈ 25ರಿಂದ 27. ಪುಷ್ಯ ಮಳೆ. ಆ ಜುಲೈ ಹೇಗಿತ್ತೆಂದು ಮಲೆನಾಡು, ಕರಾವಳಿಯವರಿಗೆ ನೆನಪಿರಬಹುದು. ಶಿರೂರಿನಲ್ಲಿ ಗುಡ್ಡ ಕುಸಿದದ್ದೂ ಅದೇ ತಿಂಗಳು. ಊರಿಂದ ತಾಳಗುಪ್ಪಕ್ಕೆ ಬರುವ ದಾರಿಯಲ್ಲಿ ಎರಡು ಕಡೆ ಮರ ಬಿದ್ದು, ಅಪ್ಪಯ್ಯ ಕತ್ತಿ ಹಿಡಿದು ಬೈಕಿನ ಹಿಂದೆ ಕೂತು ಬಂದರು. ಒದ್ದೆ ಬಟ್ಟೆಯಲ್ಲೇ ರೈಲು ಹತ್ತಿದೆ. ಪರೀಕ್ಷೆ ಚೆನ್ನಾಗಿಯೇ ಬರೆದೆ ಅನ್ನಿಸಿತ್ತು. ಫಲಿತಾಂಶದಲ್ಲಿ ನನ್ನ ನಂಬರ್ ಇರಲಿಲ್ಲ.

ಆದರೆ ಈ ಸಲ ಹಿಂದಿನ ಹಾಗೆ ಎರಡು ವಾರ ಕೋಣೆ ಸೇರಲಿಲ್ಲ. ಸೇರಲು ಪುರುಸೊತ್ತೂ ಇರಲಿಲ್ಲ ಅನ್ನಿ. ಪಕ್ಕದೂರಿನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರಕ್ಕೆ ಅರೆಕಾಲಿಕ ಪಾಠ ಸಿಕ್ಕಿತ್ತು. ಸಂಬಳ ಬಸ್ಸಿಗೆ, ಅರ್ಜಿ ಶುಲ್ಕಕ್ಕೆ, ತಮ್ಮನ ಮೊಬೈಲ್ ರೀಚಾರ್ಜಿಗೆ ಸಾಕಾಗುತ್ತಿತ್ತು. ಒಂದು ಭಾನುವಾರ ವಿದ್ಯಾರ್ಥಿನಿಯರೆಲ್ಲ ಜೋಗಕ್ಕೆ ಎಳೆದುಕೊಂಡು ಹೋದರು. ಹುಟ್ಟಿದ್ದೇ ಜೋಗದ ಪಕ್ಕ, ನೋಡದೆ ಆರು ವರ್ಷವಾಗಿತ್ತು! ಮಂಜು ಮುಚ್ಚಿಕೊಂಡು ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ, ಸದ್ದು ಮಾತ್ರ. ಆಮೇಲೆ ಎರಡು ನಿಮಿಷ ತೆರೆ ಸರಿಯಿತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಇದ್ದವು, ಮತ್ತೆ ಮುಚ್ಚಿತು. ಜೋಳ ತಿಂದು ಬಂದೆವು. ಮನೆಯಲ್ಲಿ ಕಳಲೆ ಪಲ್ಯ, ಪತ್ರೊಡೆಗಳ ಕಾಲ. ಓದು ಬೆಳಿಗ್ಗೆ ನಾಲ್ಕೂವರೆಯಿಂದ ಏಳು, ರಾತ್ರಿ ಎಂಟರಿಂದ ಹತ್ತೂವರೆ. ಹಿಂದೆ ದಿನಕ್ಕೆ ಹನ್ನೆರಡು ಗಂಟೆ ಕೂತಿರುತ್ತಿದ್ದೆ. ಕೂತಿದ್ದು ಹನ್ನೆರಡು, ಓದಿದ್ದು ಎಷ್ಟು ಎಂದು ಕೇಳಬೇಡಿ.

2025ರಲ್ಲಿ ಪರೀಕ್ಷೆ ಬಂದದ್ದು ಫೆಬ್ರುವರಿ ಕೊನೆ, ಮಾರ್ಚ್ ಮೊದಲಿಗೆ. ಡಿಸೆಂಬರ್‌ನದ್ದು ಅಷ್ಟು ತಡವಾಗಿ ನಡೆಯಿತು. ಸುರಗಿ ಹೂವಿನ ಸಮಯ. ಹೋಗುವ ದಿನ ಅಮ್ಮ ಮೊಗ್ಗಿನ ಮಾಲೆ ಮುಡಿಸಿದಳು. ಪರೀಕ್ಷಾ ಕೇಂದ್ರದ ತಪಾಸಣೆಯಲ್ಲಿ ತೆಗೆಸುತ್ತಾರೆ ಎಂದು ಹೊರಗೆ ಬ್ಯಾಗಿನಲ್ಲಿಟ್ಟೆ. ವಾಪಸ್ ಬಂದಾಗ ಬ್ಯಾಗ್ ಪೂರಾ ಘಮ ಘಮ.

ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಈ ಸಲ ನಂಬರ್ ಇತ್ತು. ಆದರೆ ಮೂರನೇ ಪಟ್ಟಿಯಲ್ಲಿ. ಇದು ಗೊತ್ತಿಲ್ಲದ ಗೆಳೆಯರಿಗಾಗಿ ಹೇಳುತ್ತೇನೆ. 2024ರಿಂದ ನೆಟ್‌ಗೆ ಮೂರು ಪಟ್ಟಿ. ಮೊದಲನೆಯದು ಜೆಆರ್‌ಎಫ್ ಜೊತೆಗೆ ಸಹಾಯಕ ಪ್ರಾಧ್ಯಾಪಕ ಅರ್ಹತೆ, ಎರಡನೆಯದು ಸಹಾಯಕ ಪ್ರಾಧ್ಯಾಪಕ ಮತ್ತು ಪಿಎಚ್.ಡಿ. ಪ್ರವೇಶ, ಮೂರನೆಯದು ಪಿಎಚ್.ಡಿ. ಪ್ರವೇಶ ಮಾತ್ರ. ಎರಡು, ಮೂರನೇ ಪಟ್ಟಿಯವರಿಗೆ ಪ್ರವೇಶದಲ್ಲಿ ಪರೀಕ್ಷೆಯ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ. ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿ ಇರುತ್ತದೆ. ಅಂದರೆ ನನಗೆ ಬಾಗಿಲು ತೆರೆದಿತ್ತು, ಕೈಯಲ್ಲಿ ಕಾಸಿರಲಿಲ್ಲ, ಗಡಿಯಾರ ಓಡುತ್ತಿತ್ತು. ಗೇಟ್ ಬರೆದವರಿಗೆ ಅಂಕ ಮೂರು ವರ್ಷ ಬಾಳುತ್ತದೆ. ಅದನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕಿತ್ತು ಎಂದು ನನಗೆ ಬುದ್ಧಿ ಬಂದದ್ದು ತಡವಾಗಿ.

ಜೂನ್ ಮೊದಲ ವಾರ ಹೊರರಾಜ್ಯದ ಒಂದು ಸಂಸ್ಥೆಯಲ್ಲಿ ಸಂದರ್ಶನ. ಐದು ಜನ ಕೂತಿದ್ದರು. ಎರಡನೇ ಪ್ರಶ್ನೆಯೇ ಅದು: “2022ರಲ್ಲಿ ಎಂ.ಎಸ್ಸಿ. ಮುಗಿದಿದೆ. ಮೂರು ವರ್ಷ ಏನು ಮಾಡಿದಿರಿ?” ತಯಾರಿ ಮಾಡುತ್ತಿದ್ದೆ ಎಂಬ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಯಾಕೋ ಅದನ್ನು ಹೇಳಲು ಮನಸ್ಸಾಗದೆ ಬ್ಯಾಗಿನಿಂದ ಡೈರಿ ತೆಗೆದು ಮೇಜಿನ ಮೇಲಿಟ್ಟೆ. ಔಷಧಿಯ ನೀಲಿ ಕಲೆ, ಒಂದು ಪುಟದಲ್ಲಿ ಸತ್ತ ಉಂಬಳ. ಒಬ್ಬ ಮೇಡಂ ಕನ್ನಡಕ ಏರಿಸಿ ನಾಲ್ಕೈದು ಪುಟ ನಿಜವಾಗಿಯೂ ಓದಿದರು. ಆಮೇಲೆ ಕೇಳಿದರು, “ಔಷಧಿ ಹೊಡೆಯದ ಮರಗಳು ಎಷ್ಟು?” ಒಂದೂ ಇಲ್ಲ ಅಂದೆ. “ಹಾಗಾದರೆ ಔಷಧಿಯಿಂದಲೇ ರೋಗ ಕಡಿಮೆಯಾಯಿತು ಎಂದು ಹೇಗೆ ಬರೆದಿದ್ದೀರಿ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಕಂಟ್ರೋಲ್ ಇಲ್ಲದ ಪ್ರಯೋಗ ಪ್ರಯೋಗವಲ್ಲ ಎಂದು ನಾನೇ ಪಿಯು ಮಕ್ಕಳಿಗೆ ಪಾಠ ಮಾಡಿದ್ದೆ! ಹದಿನೈದು ನಿಮಿಷ ಎಂದಿದ್ದ ಸಂದರ್ಶನ ನಲವತ್ತು ನಿಮಿಷ ನಡೆಯಿತು. ಬರುವಾಗ ಸೀಟು ಸಿಕ್ಕೇ ಸಿಗುತ್ತದೆ ಅನ್ನಿಸಿತ್ತು. ಸಿಕ್ಕಿದ್ದು ವೇಟಿಂಗ್ ಲಿಸ್ಟ್‌ನಲ್ಲಿ ಎರಡನೇ ಸ್ಥಾನ. ಪಟ್ಟಿ ಅಲ್ಲಾಡಲಿಲ್ಲ.

ಆ ದಿನ ಅತ್ತೆ. ಬಚ್ಚಲಲ್ಲಿ ಒಲೆಗೆ ಸೋಗೆ ತುರುಕುತ್ತಾ, ಹೊಗೆಯಿಂದ ಎಂದು ನೆಪ ಹೇಳಿ. ಅಮ್ಮ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದಳು, “ಬಿ.ಎಡ್. ಆದ್ರೂ ಮಾಡೇ. ನಿನ್ನ ವಾರಿಗೆಯವರಿಗೆಲ್ಲ ಮಕ್ಕಳಾತು.” ಅವಳು ಕೇಳಿದ್ದು ತಪ್ಪಲ್ಲ. ಅವಳಿಗೂ ನೆಂಟರ ಮನೆ ಮದುವೆಗಳಲ್ಲಿ ಉತ್ತರ ಕೊಟ್ಟು ಸಾಕಾಗಿದೆ. ಬಿ.ಎಡ್. ಅರ್ಜಿಯನ್ನು ತಂದು ಇಟ್ಟುಕೊಂಡೂ ಇದ್ದೆ, ಸುಳ್ಳು ಯಾಕೆ ಹೇಳಲಿ. ತುಂಬಲಿಲ್ಲ. ಆ ಮೇಡಂ ಕೇಳಿದ ಪ್ರಶ್ನೆ ತಲೆಯಲ್ಲಿ ಗುಂಯ್ ಅನ್ನುತ್ತಿತ್ತು.

ಅಪ್ಪಯ್ಯನ ಹತ್ತಿರ ಹೋಗಿ, “ಹತ್ತು ಮರಕ್ಕೆ ಔಷಧಿ ಹೊಡೀಬೇಡಿ” ಅಂದೆ. ಕ್ವಿಂಟಲ್ ರಾಶಿ ಅಡಿಕೆ ಐವತ್ತು ಸಾವಿರ ದಾಟಿರುವಾಗ ಇಂಥ ಮಾತು ಕೇಳಿದ ಯಾವ ಬೆಳೆಗಾರನೂ ಮಗಳನ್ನು ಆಸ್ಪತ್ರೆಗೆ ತೋರಿಸುತ್ತಾನೆ. ಅಪ್ಪಯ್ಯ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕಾಲುವೆ ಬದಿಯ ಕೊನೇ ಸಾಲಿನ ಹತ್ತು ಮರಕ್ಕೆ ತಾವೇ ಕೆಂಪು ರಿಬ್ಬನ್ ಕಟ್ಟಿ ಬಂದು, “ತಗ, ಇವು ನಿಂದು” ಅಂದರು.

ಆ ವರ್ಷದ ಮಳೆಯೋ! 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ. ಮಳೆಗಾಲಕ್ಕೆ ಮುಂಚೆ ಹೊಡೆಯಬೇಕಿದ್ದ ಮೊದಲ ಔಷಧಿ ನಮ್ಮಲ್ಲಿ ತಪ್ಪಿಯೇಹೋಯಿತು. ಜೂನ್‌ನಲ್ಲಿ ಎರಡು ದಿನ ಬಿಡುವು ಸಿಕ್ಕಾಗ ರಿಬ್ಬನ್ ಕಟ್ಟಿದ ಹತ್ತನ್ನು ಬಿಟ್ಟು ಉಳಿದದ್ದಕ್ಕೆ ಹೊಡೆಸಿದೆವು. ದಿನಾ ಬೆಳಿಗ್ಗೆ ಕಾಲಿಗೆ ಸುಣ್ಣ-ತಂಬಾಕು ಹಚ್ಚಿಕೊಂಡು ಉದುರಿದ ಕಾಯಿ ಎಣಿಸುವುದು. ಉಂಬಳಕ್ಕೆ ಸುಣ್ಣವೂ ಇಲ್ಲ, ತಂಬಾಕೂ ಇಲ್ಲ, ಹತ್ತೇಹತ್ತುತ್ತದೆ. ಔಷಧಿ ಹೊಡೆದ ಹತ್ತು ಮರದ ಕೆಳಗೆ ಒಂದು ಬುಟ್ಟಿ ಬಿದ್ದರೆ ಹೊಡೆಯದ್ದರ ಕೆಳಗೆ ಮೂರು. ಖುಷಿಪಡುವುದೋ ದುಃಖಪಡುವುದೋ ತಿಳಿಯದೆ ಬುಟ್ಟಿ ಹೊತ್ತು ತಂದರೆ ಅಪ್ಪಯ್ಯ ನೋಡಿ, “ನಿನ್ನ ಪಿಎಚ್.ಡಿ. ಭಾರೀ ತುಟ್ಟಿ ಮಾರಾಯ್ತಿ” ಅಂದರು.

ಅಷ್ಟಾದ ಮೇಲೆ ಇನ್ನೊಂದು ಹುಳುಕು ಕಂಡಿತು. ಆ ಹತ್ತು ಮರ ಕಾಲುವೆ ಬದಿಯವು, ಬಿಸಿಲು ಕಡಿಮೆ, ತೇವ ಹೆಚ್ಚು. ಕೊಳೆ ಮೊದಲೇ ಅಲ್ಲಿ ಜಾಸ್ತಿ ಬರುವ ಜಾಗ. ಹೋಲಿಕೆಯೇ ನ್ಯಾಯವಲ್ಲ. ಮರಗಳನ್ನು ಚೀಟಿ ಎತ್ತಿ ಆರಿಸಬೇಕಿತ್ತು. ಡೈರಿಯಲ್ಲಿ ಅದನ್ನೂ ಬರೆದಿಟ್ಟೆ.

ಜುಲೈ 28ಕ್ಕೆ ಮತ್ತೆ ನೆಟ್. ಮತ್ತೆ ಪುಷ್ಯ ಮಳೆ, ಮತ್ತೆ ಒದ್ದೆ ಚೂಡಿದಾರ. ಈ ಸಲ ಅಂಕ ಹಿಂದಿನದಕ್ಕಿಂತ ಕಡಿಮೆ ಬಂತು. ಯಾವ ಪಟ್ಟಿಯಲ್ಲೂ ಇಲ್ಲ. ಕಾರಣ ನನಗೆ ಗೊತ್ತು. ಜೂನ್, ಜುಲೈನಲ್ಲಿ ಬೆಳಗಿನ ಓದಿನ ಹೊತ್ತನ್ನು ತೋಟ ತಿಂದಿತ್ತು. ಅರ್ಧ ಗಂಟೆ ಎಂದು ಇಳಿದವಳು ಎರಡು ಗಂಟೆ ನಿಲ್ಲುತ್ತಿದ್ದೆ. ಮಳೆ ನೋಡುತ್ತಾ ಓದಿದರೆ ಪಾಸಾಗುತ್ತೀರಿ ಎಂದು ಯಾರಿಗಾದರೂ ಹೇಳುವ ಅರ್ಹತೆ ನನಗಿಲ್ಲ. ಗೆಳತಿಯೊಬ್ಬಳು ಸಮಾಧಾನಕ್ಕೆಂದು ನೀಲಕುರಿಂಜಿಯ ಫೋಟೊ ಕಳಿಸಿದ್ದಳು, ಹನ್ನೆರಡು ವರ್ಷ ಕಾದು ಅರಳುತ್ತದೆ, ನೀನೂ ಹಾಗೇ ಎಂದು. ಕುರಿಂಜಿ ಅರಳಿದ ಮೇಲೆ ಗಿಡ ಸಾಯುತ್ತದೆ ಕಣೇ ಎಂದು ಉತ್ತರ ಬರೆದೆ. ಇಬ್ಬರೂ ನಕ್ಕೆವು.

ಆದರೆ ಕಿಟಕಿ ಮುಚ್ಚಿದ್ದ ವರ್ಷವೂ ನಾನು ಫೇಲಾಗಿದ್ದೆ. ಆ ವರ್ಷದಿಂದ ನನ್ನ ಹತ್ತಿರ ಉಳಿದದ್ದು ಹರಿದ ಟೈಮ್‌ಟೇಬಲ್ ಒಂದೇ. ಈ ವರ್ಷದಿಂದ ಇನ್ನೂರು ಪುಟದ ಡೈರಿ ಇದೆ, ತಪ್ಪುಗಳ ಸಮೇತ. ಚಿತ್ತೆ ಮಳೆಯಲ್ಲಿ ತುಳಸಿಕಟ್ಟೆ ಹತ್ತಿರ ಕೊಡೆ ಹಿಡಿದು ನಿಂತು ಡಿಸೆಂಬರ್ ಪರೀಕ್ಷೆಗೆ ಮತ್ತೆ ಅರ್ಜಿ ತುಂಬಿದೆ. ಫೋಟೊ ಅಪ್‌ಲೋಡ್ ಆಗಲು ಇಪ್ಪತ್ತು ನಿಮಿಷ ಹಿಡಿಯಿತು. ಹಳೇ ಅಂಕ ಏಪ್ರಿಲ್‌ವರೆಗೆ ನಡೆಯುತ್ತದೆ. ಅದರ ಮೇಲೆ ಜನವರಿ ಪ್ರವೇಶಕ್ಕೆ ಎರಡು ಕಡೆ ಅರ್ಜಿ ಹಾಕಿದ್ದೇನೆ. ಪ್ರಾಜೆಕ್ಟ್ ಕೆಲಸಗಳ ಜಾಹೀರಾತನ್ನೂ ನೋಡುತ್ತಿದ್ದೇನೆ. ಸಂಬಳವೂ ಬರುತ್ತದೆ, ಲ್ಯಾಬಿನ ಕೆಲಸವೂ ಕೈಗೆ ಹತ್ತುತ್ತದೆ. ಆ ಮೇಡಂಗೆ ಈ ಮಳೆಗಾಲದ ಲೆಕ್ಕ, ಕಾಲುವೆ ಬದಿಯ ಹುಳುಕನ್ನೂ ಸೇರಿಸಿ, ಇಮೇಲ್ ಮಾಡಿದ್ದೆ. “ಮುಂದಿನ ವರ್ಷ ಚೀಟಿ ಎತ್ತಿ” ಎಂದು ಒಂದೇ ಸಾಲಿನ ಉತ್ತರ ಬಂತು.

ಈಗ ಅಡಿಕೆ ಕೊಯ್ಲು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತೇವೆ. ನಾನು ಸುಲಿಯುತ್ತಾ ಕ್ರೆಬ್ಸ್ ಚಕ್ರದ ಹಂತಗಳನ್ನು ಗುನುಗುತ್ತೇನೆ, ಅಜ್ಜಿ ಅದನ್ನು ಭಜನೆ ಅಂದುಕೊಂಡು ತಲೆಯಾಡಿಸುತ್ತಾಳೆ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಚಿಕ್ಕ ಭರಣಿ ಬೇರೆಯೇ ಇದೆ. ಪ್ರತಿ ವರ್ಷ ಮಿಡಿ ಹಾಕುವಾಗ ಅಮ್ಮ ಒಂದನ್ನು ‘ಹಾಸ್ಟೆಲ್ಲಿಗೆ’ ಎಂದು ಎತ್ತಿಡುತ್ತಾಳೆ. 2023ರದ್ದನ್ನೂ 2024ರದ್ದನ್ನೂ ನಾವೇ ಮನೆಯಲ್ಲಿ ತಿಂದು ಮುಗಿಸಿದೆವು. ಮೊನ್ನೆ ತಮ್ಮ ಈ ವರ್ಷದ ಭರಣಿಗೆ ಕೈ ಹಾಕಲು ಹೋದ. ಬಿ.ಎಡ್. ಮಾಡು ಎಂದ ಅದೇ ಅಮ್ಮ ಸೌಟಿನಲ್ಲಿ ಅವನ ಕೈಗೆ ಒಂದು ಕೊಟ್ಟು, “ಅದು ಅಕ್ಕಂದು, ಏಪ್ರಿಲ್‌ತನಕ ಮುಟ್ಟಬೇಡ” ಅಂದಳು.